ಗಿರಿಜಕ್ಕ ಬಿಡದ ಹಾಡು

ಇವತ್ತು ಬೆಳಿಗ್ಗೆ ಮಂಡಿಪೇಟೆಯಲ್ಲಿ ನಡೆದು ಹೋಗುವಾಗ ಒಣಮೆಣಸಿನಕಾಯಿ ಘಾಟು ಮೂಗಿಗೆ ಬಡಿಯಿತು. ಕೆಮ್ಮುತ್ತ ನಿಂತವಳಿಗೆ ಅಪ್ಪ ನೆನಪಾದರು.

ಅಪ್ಪ ಅಲ್ಲೇ ಮೆಣಸಿನಕಾಯಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಸಂಜೆ ಬಂದರೆ ಹಿತ್ತಿಲಲ್ಲಿ ಮೈ ತೊಳೆದು, ಅಂಗಿ ಬದಲಿಸಿಯೇ ಒಳಗೆ ಕಾಲಿಡುತ್ತಿದ್ದರು. ನಡುಮನೆಯಲ್ಲಿ ಹಾಡುತ್ತ ಕೂತ ಗಿರಿಜಕ್ಕನ ಗಂಟಲಿಗೆ ಆ ಘಾಟು ತಾಗಬಾರದಲ್ಲ.

ಒಂದು ಭಾನುವಾರ ಅಕ್ಕನನ್ನು ನೋಡಲು ಹರಿಹರದಿಂದ ಗಂಡಿನ ಕಡೆಯವರು ಬಂದರು. ಹುಡುಗನಿಗೆ ಒಳ್ಳೆಯ ನೌಕರಿ. ಅಕ್ಕ ಹಾಡಿದಳು. ಹುಡುಗನ ತಾಯಿ ತಲೆದೂಗಿ, "ಚಲೋ ಹಾಡ್ತಾಳೆ. ಮದುವೆ ಆದ್ಮ್ಯಾಲೆ ಮಾತ್ರ ಇದೆಲ್ಲ ಬ್ಯಾಡ" ಎಂದರು.

ಅಕ್ಕ ತಲೆ ತಗ್ಗಿಸಿಕೊಂಡೇ ಹೇಳಿದಳು, "ಹಾಡಿಕೊಂಡೇ ಬದುಕಬೇಕು ಅಂತ ಆಸೆ ಐತ್ರಿ ನನಗೆ. ಬಿಡಾಕ ಆಗಲ್ರಿ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಗೆ ಹೋದಳು. ಅಪ್ಪ ಬೈಯುತ್ತಾರೆಂದು ನಾನು ಬಾಗಿಲ ಹಿಂದೆ ಸರಿದೆ. ಅವರು ಬೀಗರಾಗಬೇಕಿದ್ದವರಿಗೆ, "ಉಪ್ಪಿಟ್ಟು ಆರ್ತೈತೆ, ತಗೊಳ್ರಿ" ಎಂದಷ್ಟೇ ಅಂದರು. ಆಮೇಲೆ ಅವರನ್ನು ಕಳಿಸಿ ಬಂದು ಅಕ್ಕನ ಪಕ್ಕ ಕೂತರು.

"ಮಂದಿ ಆಡ್ಕೊಂತಾರೆ. ತಡ್ಕೊಂತೀಯೇನವ್ವ?"

"ತಡ್ಕೊಂತೀನಪ್ಪ."

"ಹಂಗಾದ್ರೆ ಧಾರವಾಡಕ್ಕೆ ಹೋಗಿ ಸರಿಯಾಗಿ ಕಲಿ. ಅರ್ಧಂಬರ್ಧ ಬ್ಯಾಡ."

ಅಕ್ಕ ಹೋದಳು. ಕಲಿತು ಬಂದು, ಅದೇ ಹರಿಹರದಲ್ಲಿ ಮನೆ ಮಾಡಿ, ಸಂಗೀತ ಕಚೇರಿ, ಪಾಠ ಎಂದು ಬದುಕು ಕಟ್ಟಿಕೊಂಡಳು. ಮದುವೆಯ ಮಾತು ಮತ್ತೆ ಬರಲಿಲ್ಲ. ಮಂದಿ ಆಡಿಕೊಂಡರು, ಅವಳು ತಡೆದುಕೊಂಡಳು.

ಇದನ್ನೆಲ್ಲ ಹೇಳಬೇಕೆನಿಸಿ ಈಗಷ್ಟೇ ಫೋನ್ ಮಾಡಿದೆ. ಎಂಬತ್ತು ದಾಟಿದ ಅಕ್ಕ, "ಹುಡುಗ್ರು ಬಂದು ಕುಂತಾವೆ, ಪಾಠ ನಡದೈತೆ. ಆಮ್ಯಾಲೆ ಮಾಡೇ" ಎಂದು ಇಟ್ಟೇಬಿಟ್ಟಳು.