ಬಿಸಿಲಿಗೆ ಹಿಡಿದ ಫೋಟೋ

ಭಾಲ್ಕಿಯ ಧಮ್ಮಪಾಲ ಟ್ಯೂಬ್‌ಲೈಟನ್ನು ನಂಬುವುದಿಲ್ಲ. ಮೂವತ್ತು ವರ್ಷದಿಂದ ಅವನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆ ತಂದವರಿಗೆ ಅದಕ್ಕೆ ಹೊಂದುವ ಬ್ಲೌಸ್ ಪೀಸ್ ಹುಡುಕಿ ಕೊಡುವ ಅಂಗಡಿ. ಗಿರಾಕಿ ಎಷ್ಟೇ ಅವಸರದಲ್ಲಿರಲಿ, ಸೆರಗನ್ನೂ ಬಟ್ಟೆಯ ತುಂಡನ್ನೂ ಹಿಡಿದು ರಸ್ತೆಗೆ ಇಳಿದೇಬಿಡುತ್ತಾನೆ. “ಬಿಸಿಲಾಗ ನೋಡ್ರಿ ಅಕ್ಕಾ. ಲೈಟು ಸುಳ್ಳು ಹೇಳ್ತದ.” ನಾವೆಲ್ಲ ಚಿಕ್ಕು ಬಣ್ಣ ಎಂದು ಮುಗಿಸುವಲ್ಲಿ ಅವನಿಗೆ ಆರು ಬಗೆ ಕಾಣುತ್ತವೆ. ನನಗೆ ಅರ್ಧ ಬಗೆಯೂ ಕಾಣುವುದಿಲ್ಲ. ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ನೀಲಿ ಕಾಲುಚೀಲ ಹಾಕಿಕೊಂಡು ಇಡೀ ದಿನ ಶಾಲೆಯಲ್ಲಿ ಪಾಠ ಮಾಡಿ ಬಂದ ಮಾಸ್ತರ ನಾನು.

ಅಂಥವನ ಮನೆಯಲ್ಲೇ ಬಣ್ಣ ಹೊಂದಲಿಲ್ಲ ಎಂಬ ಮಾತು ಬಂತು.

ಅವನ ಮಗಳು ಮಹಾಮಾಯಾ ಹಲಬರ್ಗಾದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಎರಡು ತಿಂಗಳ ಹಿಂದೆ ಅವಳನ್ನು ನೋಡಲು ಬಂದವರು ಚಹಾದ ಕಪ್ ಕೈಯಲ್ಲಿ ಹಿಡಿದುಕೊಂಡೇ, “ಫೋಟೋದಾಗಿನ ಹುಡುಗಿ ಎಲ್ಲಿದ್ದಾಳ್ರಿ?” ಎಂದು ಕೇಳಿದ್ದರು. ಸ್ಟುಡಿಯೋದವನು ಯಾರನ್ನೂ ಕೇಳದೆ ಅವಳ ಮುಖಕ್ಕೆ ಸುಣ್ಣ ಬಳಿದಂತೆ ಬಿಳುಪು ಹಚ್ಚಿ ಕೊಟ್ಟಿದ್ದ. “ಸ್ಟುಡಿಯೋದವ ಕೇಳಲೇ ಇಲ್ರಿ,” ಎಂದು ಧಮ್ಮಪಾಲ ಹೇಳಿದ. ಯಾರೂ ನಂಬಲಿಲ್ಲ. ಅವರು ಎದ್ದು ಹೋದ ಮೇಲೆ ಮಹಾಮಾಯಾ ಕಪ್‌ಗಳನ್ನು ಒಂದೊಂದಾಗಿ ತೊಳೆದಿಟ್ಟು ಹೇಳಿದಳು: “ಅಪ್ಪಾ, ಇನ್ನೊಂದೇ ಸಲ. ಫೋಟೋ ಬ್ಯಾರೆ, ಹುಡುಗಿ ಬ್ಯಾರೆ ಅಂತ ಮತ್ತ ಯಾರರೆ ಅಂದ್ರ, ನಾ ಯಾರ ಮುಂದೂ ಬಂದು ಕೂಡಂಗಿಲ್ಲ.”

ಈಗ ಔರಾದದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಅಶ್ವಜಿತ, ಅಲ್ಲಿಯ ಕಾಲೇಜೊಂದರಲ್ಲಿ ಗಣಿತ ಕಲಿಸುವವನು. ಅವನ ಅಜ್ಜಿ ಜಿಜಾಬಾಯಿಗೆ ಮೊಬೈಲಿನ ಫೋಟೋ ನಡೆಯುವುದಿಲ್ಲ. “ಅದರಾಗ ಎಲ್ಲಾರೂ ಒಂದೇ ಥರಾ ಹೊಳೀತಾರ, ಕಾಗದದ ಮ್ಯಾಲಿಂದು ಕಳಸ್ರಿ” ಎಂದು ಹೇಳಿ ಕಳಿಸಿದ್ದಳು. ಹುಡುಗನ ಅತ್ತೆ ಭಾಲ್ಕಿಯಲ್ಲೇ ಇದ್ದಾಳೆ. ಶನಿವಾರ ಸಂಜೆಯ ಬಸ್ಸಿಗೆ ಔರಾದಕ್ಕೆ ಹೊರಟವಳು. ಅಷ್ಟರೊಳಗೆ ಫೋಟೋ ಅವಳ ಕೈ ಸೇರಬೇಕು.

“ಸ್ಟುಡಿಯೋ ಕಡಿ ಕಾಲಿಡಂಗಿಲ್ಲ. ಮನ್ಯಾಗೇ ಪ್ರಿಂಟ್ ತೆಗೀತೀನಿ. ನಿಮಗ ಗೊತ್ತದಲ್ಲಾ ಮಾಸ್ತರ, ನೀವು ಬರ್ರಿ,” ಎಂದ ಧಮ್ಮಪಾಲ. ನನಗೆ ಗೊತ್ತಿದೆ ಎಂಬ ಸುದ್ದಿ ಊರಲ್ಲಿ ಹಬ್ಬಲು ಕಾರಣ, ನಮ್ಮ ಮನೆಯಲ್ಲೊಂದು ಪ್ರಿಂಟರ್ ಇರುವುದು. ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದೆ, ಎರಡು ತಿಂಗಳು ಮುಟ್ಟದೆ ಬಿಟ್ಟೆ, ಇಂಕು ಒಣಗಿ ಬಾಯಿ ಕಟ್ಟಿತು. ಈಗ ಅದರ ಮೇಲೆ ಉಪ್ಪಿನಕಾಯಿ ಭರಣಿ ಇದೆ. ಇದನ್ನು ಹೇಳಬೇಕಾಗಿತ್ತು. ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಅಪ್ಪ, ಮಗಳು, ನಾನು ಮೂವರೂ ಬೀದರಿನ ಒಂದು ಪ್ರಿಂಟರ್ ಅಂಗಡಿಯಲ್ಲಿದ್ದೆವು. ಕೌಂಟರಿನಲ್ಲಿದ್ದ ತರನ್ನುಮ ಚುರುಕಿನ ಹುಡುಗಿ. “ಸಣ್ಣ ಕಾರ್ಟ್ರಿಜ್‌ದು ಸಸ್ತಾ ಸಿಗ್ತದ್ರಿ ಕಾಕಾ, ಆದ್ರ ಫೋಟೋ ತೆಗದ್ರ ಇಂಕು ಲಗೂ ಮುಗೀತದ. ಟ್ಯಾಂಕಿಂದು ಮೊದಲ ರೊಕ್ಕ ಜಾಸ್ತಿ, ಆಮ್ಯಾಲ ಆರಾಮ. ನಿಮಗ ಸ್ಪೀಡ್ ಎಷ್ಟು ಬೇಕು?”

“ಸ್ಪೀಡ್ ಬ್ಯಾಡವಾ. ಮೊಬೈಲಿನಾಗ ಇಕಿ ಫೋಟೋ ಅದ, ಎರಡರಾಗೂ ತೆಗದು ತೋರ್ಸು,” ಎಂದ ಧಮ್ಮಪಾಲ.

ಕಾರ್ಟ್ರಿಜ್ ಯಂತ್ರದ ಫೋಟೋ ಹೊರಬಂದದ್ದೇ ತಡ, ಧಮ್ಮಪಾಲ ಅದನ್ನು ಹಿಡಿದು ರಸ್ತೆಗೆ ನಡೆದ. “ಬಾ ಇಲ್ಲಿ,” ಎಂದು ಮಗಳನ್ನು ಫುಟ್‌ಪಾತಿನ ಬಿಸಿಲಿಗೆ ನಿಲ್ಲಿಸಿ, ಅವಳ ಗಲ್ಲದ ಪಕ್ಕ ಫೋಟೋ ಹಿಡಿದು ಕಣ್ಣು ಕಿರಿದು ಮಾಡಿದ. “ಕೆಂಪು ಹೊಡೀತದ.” ಟ್ಯಾಂಕಿನ ಯಂತ್ರದ ಫೋಟೋ ತಂದ. “ಇದು ಮತ್ತ ಬೆಳ್ಳಗ ಮಾಡ್ಯದ!” ಆಟೋದವರು ಗಾಡಿ ನಿಧಾನ ಮಾಡಿ ನೋಡತೊಡಗಿದರು. ಹಣ್ಣಿನ ಬಂಡಿಯವನು ಕಲ್ಲಂಗಡಿ ಕೊಯ್ಯುವುದನ್ನೇ ನಿಲ್ಲಿಸಿದ. ಮಹಾಮಾಯಾಳ ಕಣ್ಣಲ್ಲಿ ನೀರು ಬಂದಿತ್ತೋ ಬಿಸಿಲಿಗೆ ಹಾಗಾಗಿತ್ತೋ ತಿಳಿಯಲಿಲ್ಲ.

“ಅಪ್ಪಾ,” ಎಂದಳು ಮೆಲ್ಲಗೆ, “ನಾ ಏನ್ ಬ್ಲೌಸ್ ಪೀಸ್ ಏನು?”

ಧಮ್ಮಪಾಲನ ಕೈ ಅಲ್ಲೇ ನಿಂತಿತು. ನಾನು ಕಲ್ಲಂಗಡಿ ನೋಡುತ್ತ ನಿಂತೆ. ಅಂಥ ಹೊತ್ತಿನಲ್ಲಿ ನನ್ನಿಂದಾಗುವುದು ಅಷ್ಟೇ. ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ತರನ್ನುಮ ಹೇಳಿದಳು: “ಒಳಗ ಬಾ ಅಕ್ಕಾ, ನೀನೇ ನೋಡು. ಫೋಟೋ ತಾನೇ ಚಂದ ಮಾಡೋದೊಂದು ಸೆಟ್ಟಿಂಗ್ ಇರ್ತದ. ಯಾರೂ ತೆಗೀ ಅನ್ನಂಗಿಲ್ಲ, ಹಚ್ಚು ಅಂತಾರ.” ಆ ಸೆಟ್ಟಿಂಗ್ ಬಂದ್ ಮಾಡಿದಳು. ಫೋಟೋ ಕಾಗದ ಹಾಕಿ, ಯಾವ ಕಾಗದವೆಂದು ಯಂತ್ರಕ್ಕೂ ತಿಳಿಸಿ, ಟ್ಯಾಂಕಿನದರಲ್ಲೇ ಮತ್ತೊಂದು ತೆಗೆದಳು. ಈ ಸಲ ಮಹಾಮಾಯಾ ತಾನೇ ಅದನ್ನು ಬಿಸಿಲಿಗೆ ಒಯ್ದಳು. ಅಪ್ಪನ ಕಡೆ ನೋಡದೆ, “ಇದು ನಾನೇ,” ಎಂದಳು. ಧಮ್ಮಪಾಲ ಆ ಯಂತ್ರವನ್ನೇ ಕಟ್ಟಿಸಿದ.

ತೋರಿಸಲು ತೆಗೆದ ಫೋಟೋಗಳನ್ನು ಹೊರಗೆ ಕೊಡುವ ಪದ್ಧತಿ ಅಂಗಡಿಯಲ್ಲಿ ಇರಲಿಲ್ಲ. ಭಾಲ್ಕಿಗೆ ಬಂದು ಟ್ಯಾಂಕಿಗೆ ನಾಲ್ಕು ಬಣ್ಣ ಸುರಿದು, ಯಂತ್ರ ಗೊರಗೊರ ಎನ್ನುತ್ತ ಇಂಕು ಎಳೆದುಕೊಳ್ಳುವಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಬಸ್ಸಿಗೆ ಇನ್ನು ಅರ್ಧ ತಾಸು. ತಜ್ಞನಾದ ನಾನು ಗತ್ತಿನಿಂದ ಕಾಗದ ಹಾಕಿದೆ. ಹೊರಬಂದ ಫೋಟೋದಲ್ಲಿ ಮಹಾಮಾಯಾಳ ಮೂಗು ಗದ್ದಕ್ಕೆ ಇಳಿಯುತ್ತಿತ್ತು. ಮುಟ್ಟಿದರೆ ಬೆರಳಿಗೆ ಬಣ್ಣ.

“ಕಾಕಾ, ಉಲ್ಟಾ ಹಾಕೀರಿ. ನುಣ್ಣನ ಬಾಜೂಕ ಬೀಳಬೇಕು,” ಎಂದು ಮಹಾಮಾಯಾ ಕಾಗದ ತಿರುವಿದಳು. ಧಮ್ಮಪಾಲ ಗಡಿಯಾರ ನೋಡಿದ, ನನ್ನನ್ನು ನೋಡಿದ, ಮತ್ತೆ ಗಡಿಯಾರ ನೋಡಿದ. ಎರಡನೆಯದು ಸರಿ ಬಂತು. ಆರುವವರೆಗೆ ಕಾಯುವಷ್ಟು ಹೊತ್ತಿರಲಿಲ್ಲ. ಅದನ್ನು ಎರಡೂ ಅಂಗೈ ಮೇಲೆ ಬಿಸಿ ರೊಟ್ಟಿಯ ಹಾಗೆ ಇಟ್ಟುಕೊಂಡು ಬಸ್ ಸ್ಟ್ಯಾಂಡಿನವರೆಗೆ ಓಡಿದ್ದು ನಾನು. ಅಷ್ಟಾದರೂ ಮಾಡಬೇಕಿತ್ತು.

ಮುಂದಿನ ಭಾನುವಾರ ಅಶ್ವಜಿತ, ಅವನ ಅಪ್ಪ, ಅಜ್ಜಿ ಬಂದರು. ಜಿಜಾಬಾಯಿ ಕೂತವಳೇ ಚೀಲದಿಂದ ಫೋಟೋ ತೆಗೆದಳು. ಒಮ್ಮೆ ಅದನ್ನು, ಒಮ್ಮೆ ಎದುರಿಗಿದ್ದ ಹುಡುಗಿಯನ್ನು ನೋಡಿದಳು. ನೆತ್ತಿಯ ಮೇಲೆ ಟ್ಯೂಬ್‌ಲೈಟ್.

“ಫೋಟೋದಾಗ ಬ್ಯಾರೆನೇ ಕಾಣ್ತದಲ್ಲ,” ಎಂದಳು.

ಮಹಾಮಾಯಾ ಏಳಲು ಕುರ್ಚಿಯ ಕೈ ಹಿಡಿದಳು. ಧಮ್ಮಪಾಲನಿಗೆ ಮೂವತ್ತು ವರ್ಷ ದಿನಕ್ಕೆ ನೂರು ಸಲ ಹೇಳಿದ ಮಾತು ಅವತ್ತು ಬಾಯಿಗೇ ಬರಲೊಲ್ಲದು.

ಜಿಜಾಬಾಯಿ ಮೊಣಕಾಲಿಗೆ ಕೈಯೂರಿ ಎದ್ದಳು. “ಈ ಬೆಳಕಿನಾಗ ಏನ್ ತಿಳೀತದ? ಹೊರಗ ಬಾರವಾ,” ಎಂದು ಹುಡುಗಿಯ ಕೈ ಹಿಡಿದು ಅಂಗಳಕ್ಕೆ ನಡೆದಳು. ಬಿಸಿಲಲ್ಲಿ ಫೋಟೋ ಎತ್ತಿ ಹಿಡಿದು ನೋಡಿ, ಇನ್ನೊಮ್ಮೆ ನೋಡಿ, “ಇದೇ ಅದ. ಫರಕ್ ಇಲ್ಲ,” ಎಂದಳು. ಧಮ್ಮಪಾಲ ಗೋಡೆಗೆ ಒರಗಿ ನಿಂತ.

ಎಲ್ಲ ಮುಗಿಯಿತೆಂದು ನಾನು ತಟ್ಟೆಯ ಅವಲಕ್ಕಿ ಚೂಡಾಕ್ಕೆ ಕೈ ಹಾಕಿದೆ. ಮುಗಿದಿರಲಿಲ್ಲ. ಮಹಾಮಾಯಾ ಒಳಗೆ ಹೋಗಿ ಅವರು ಕಳಿಸಿದ್ದ ಹುಡುಗನ ಫೋಟೋ ತಂದಳು. “ಆಯಿ, ಇವರದೂ ಜರಾ ಹಿಡದು ನೋಡೋಣ್ರಿ.”

ಅಶ್ವಜಿತ ಬಿಸಿಲಿಗೆ ಬಂದು ನಿಂತ. ಫೋಟೋದವನು ಬೆಣ್ಣೆಯ ಹಾಗೆ ಬೆಳ್ಳಗಿದ್ದ, ತುಟಿ ಗುಲಾಬಿ. ಎದುರಿಗೆ ನಿಂತವನು ಔರಾದದ ಬಿಸಿಲು ಕುಡಿದ ಮನುಷ್ಯ. ಜಿಜಾಬಾಯಿ ತಿರುಗಿ ಮೊಮ್ಮಗನ ಅಪ್ಪನನ್ನು ದಿಟ್ಟಿಸಿದಳು.

“ಸ್ಟುಡಿಯೋದವ ಕೇಳಲೇ ಇಲ್ರಿ,” ಎಂದ ಅಶ್ವಜಿತ.

ಧಮ್ಮಪಾಲನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಹಾಮಾಯಾ ಬೇಡ ಎನ್ನಬಹುದಿತ್ತು, ಅವಳ ಕೈಯಲ್ಲಿತ್ತು.

“ಅಲ್ಲೇ ನಿಂದರ್ರಿ. ಅಲಗ್ಯಾಡಬ್ಯಾಡ್ರಿ,” ಎಂದು ಮೊಬೈಲ್ ಎತ್ತಿದಳು.

ಒಳಗೆ ಪ್ರಿಂಟರ್ ಗೊರಗೊರ ಎಂದಿತು. ಹೊರಬಂದ ಫೋಟೋಕ್ಕೆ ಧಮ್ಮಪಾಲನ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. “ಬ್ಯಾಡಪ್ಪಾ, ಇದು ನಾ ನೋಡ್ತೀನಿ,” ಎಂದು ಅವಳೇ ತೆಗೆದುಕೊಂಡು ಅಂಗಳಕ್ಕೆ ಹೋಗಿ, ಅಶ್ವಜಿತನ ಗಲ್ಲದ ಪಕ್ಕ ಹಿಡಿದಳು. ಅವನು ಕಣ್ಣು ಮಿಟುಕಿಸದೆ ನಿಂತ. ಅವಳು ನೋಡುತ್ತಲೇ ಇದ್ದಳು. ಬಣ್ಣ ನೋಡುವುದಕ್ಕೆ ಅಷ್ಟು ಹೊತ್ತು ಬೇಕಾಗುವುದಿಲ್ಲ ಎಂಬುದು ಧಮ್ಮಪಾಲನಿಗೆ ನನಗಿಂತ ಚೆನ್ನಾಗಿ ಗೊತ್ತು. ಅವನು ಮುಖ ತಿರುಗಿಸಿ ಚೂಡಾದ ತಟ್ಟೆ ಎತ್ತಿಕೊಂಡು ಒಳಗೆ ನಡೆದ, ನಾನಿನ್ನೂ ತಿನ್ನುತ್ತಿದ್ದೇನೆ ಎಂಬುದನ್ನೂ ನೋಡದೆ.