ಬೆಲ್ಲ ಬಂತು, ನೀರು ಬರಲಿಲ್ಲ

ಕಳೆದ ಭಾನುವಾರ ಒಂದು ಮನೆಗೆ ಹೋಗಿದ್ದೆ. ಬೆಲ್ಲ ಕೊಟ್ಟರು. ನೀರು ಕೊಡಲಿಲ್ಲ.

ಕುಂದಾಪುರದ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಮನೆಗೆ ಯಾರೇ ಬರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಚೊಂಬು ಬಾವಿ ನೀರು. ಯಾರು, ಎಲ್ಲಿಂದ, ಏನು ಕೆಲಸ ಎಂಬ ವಿಚಾರಣೆ ಎಲ್ಲ ಆಮೇಲೆ. (ವಿಮೆ ಮಾಡಿಸಲು ಬಂದವನಿಗೂ ಈ ಮರ್ಯಾದೆ ಉಂಟು. ಅವನನ್ನು ಸಾಗಹಾಕುವುದು ನೀರು ಕುಡಿದ ಮೇಲೆ.)

ನಾನು ಹೋದದ್ದು ತಮ್ಮನ ಮಗನ ಮದುವೆಗೆ ಕರೆಯಲು. ಮುಖ್ಯರಸ್ತೆಯಿಂದ ಕೆಲವು ಕಿಲೋಮೀಟರ್ ಒಳಗೆ ಗುಲಾಬಕ್ಕನ ಮನೆ. ನನ್ನ ಹೆಂಡತಿಗೆ ದೊಡ್ಡಮ್ಮನ ಮಗಳು. ಅಂಗನವಾಡಿ ಟೀಚರ್ ಆಗಿದ್ದು ನಿವೃತ್ತರಾದವರು. ಅವರ ಬಾವಿ ಮೇ ತಿಂಗಳಲ್ಲೂ ಬತ್ತುವುದಿಲ್ಲ. ಬೇಸಿಗೆಯಲ್ಲಿ ಸುತ್ತಲಿನ ಏಳು ಮನೆಯವರು ಕೊಡಪಾನ ಹಿಡಿದು ಬರುತ್ತಿದ್ದದ್ದು ಅಲ್ಲಿಗೇ.

ಅಂಥ ಮನೆಯ ತಟ್ಟೆಯಲ್ಲಿ, ಬೆಲ್ಲದ ಪಕ್ಕ, ಸೀಲ್ ಒಡೆಯದ ಪ್ಲಾಸ್ಟಿಕ್ ಬಾಟಲಿ!

“ಇದೆಂತ ಗುಲಾಬಕ್ಕ? ನಾನೆಂತ ಮಂತ್ರಿಯಾ?” ಎಂದೆ.

“ಮಂತ್ರಿ ಆಯಿದ್ರೆ ಬಾವಿ ನೀರೇ ಕೊಡ್ತಿದ್ದೆ ಮಾರಾಯ್ರೆ, ಕುಡ್ದ್ ಕಾಣ್ಲಿ ಅಂದೇಳಿ. ನೀವ್ ನೆಂಟ್ರ್. ಕೊಡುಕೆ ಮನ್ಸ್ ಬತ್ತಿಲ್ಲ.”

ಹೇಳಿದವರು ನಗಲಿಲ್ಲ. ಎದ್ದು ಬಾವಿಕಟ್ಟೆಗೆ ಕರೆದುಕೊಂಡು ಹೋದರು. ಒಂದು ಕೊಡಪಾನ ನೀರು ಸೇದಿ ಎದುರಿಗಿಟ್ಟರು. ಕಣ್ಣಿಗೆ ತಿಳಿಯಾಗಿಯೇ ಇತ್ತು. ಮೇಲೆ ಮಾತ್ರ ಎಣ್ಣೆ ತೇಲಿದ ಹಾಗೆ ಬಣ್ಣ ಬಣ್ಣದ ತೆಳು ಪದರ. ಬೊಗಸೆಯಲ್ಲಿ ತುಂಬಿ ಮೂಗಿನ ಹತ್ತಿರ ತಂದೆ. ಮುಖ ತಾನಾಗಿ ಹಿಂದೆ ಸರಿಯಿತು. ಎರಡು ದಿನ ಮುಚ್ಚಿಟ್ಟ ಕಸದ ಬುಟ್ಟಿಯ ವಾಸನೆ.

“ಚಾ ಮಾಡ್ರೆ ಕಪ್ಪಾತ್ತ್. ಗಂಜಿ ಬಾಯಿಗ್ ಹೋತಿಲ್ಲ. ಏಳ್ ಮನಿಯರೂ ಬಪ್ಪುದ್ ನಿಲ್ಸಿರ್,” ಎಂದರು ಗುಲಾಬಕ್ಕ.

ನೀರಿನ ಪರೀಕ್ಷೆಯೂ ಆಗಿದೆ. ಒಂದು ಹಾಳೆಯ ವರದಿ. ‘ಕುಡಿಯಲು ಯೋಗ್ಯವಲ್ಲ.’ ಯಾಕೆ ಯೋಗ್ಯವಲ್ಲ? ಅದಕ್ಕೆ ಹಾಳೆಯಲ್ಲಿ ಜಾಗ ಇರಲಿಲ್ಲವೋ ಏನೋ. ಸ್ಯಾಂಪಲ್ ತೆಗೆಯಲು ಬಂದವರು ಬಾಯಿಮಾತಿನಲ್ಲಿ ಕಾರಣ ಹೇಳಿ ಹೋಗಿದ್ದಾರಂತೆ. ಈ ಕಡೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಅದು ಪ್ರಕೃತಿಸಹಜ, ಅಂತ.

“ಮಣ್ಣ್ ನಮ್ಮ್ ಅಜ್ಜಿ ಕಾಲಕ್ಕೂ ಕೆಂಪೇ ಇದ್ದಿತ್ತ್. ನೀರ್ ಹಾಳಾದ್ದ್ ಹೋದ್ ಮಳಿಗಾಲ ಕಳ್ದ್ ಮೇಲೆ. ಕಬ್ಬಿಣ ಇಷ್ಟ್ ದಿನ ನಿದ್ರಿ ಮಾಡ್ತಿದ್ದಿತ್ತಾ?”

ಈ ಪ್ರಶ್ನೆಗೆ ಇಲಾಖೆಯಲ್ಲಿ ಯಾರಾದರೂ ಉತ್ತರ ಕೊಟ್ಟರೆ ಇದೇ ಅಂಕಣದಲ್ಲಿ ಪ್ರಕಟಿಸುತ್ತೇನೆ.

ಉತ್ತರ ಇರುವುದು ಮನೆಯ ಮೇಲ್ಗಡೆಯ ಗುಡ್ಡೆಯಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ. ಅಲ್ಲೊಂದು ಹಳೆಯ ಕಲ್ಲುಕ್ವಾರಿ. ಮನೆ ಕಟ್ಟಲು ಕೆಂಪುಕಲ್ಲು ಕೊಯ್ದು, ಕಲ್ಲು ಮುಗಿದ ಮೇಲೆ ಹಾಗೇ ಬಿಟ್ಟುಹೋದ ಹೊಂಡ. ಈಗ ಅದರಲ್ಲಿ ಕಲ್ಲು ಬಿಟ್ಟು ಮತ್ತೆಲ್ಲ ಇದೆ. ಕೋಳಿ ಪುಕ್ಕ, ಮಕ್ಕಳ ಡೈಪರ್, ಮೀನು ಸಾಗಿಸುವ ಥರ್ಮೋಕೋಲ್ ಪೆಟ್ಟಿಗೆಯ ಚೂರು, ಹೋಟೆಲಿನ ಎಂಜಲು, ಸತ್ತ ಬ್ಯಾಟರಿ, ಮಾತ್ರೆಯ ಖಾಲಿ ಪಟ್ಟಿ. ನಡುವೆ ಕಪ್ಪಗೆ ನಿಂತ ನೀರು.

ನಾನು ನೋಡಿದ್ದನ್ನಷ್ಟೇ ಬರೆದಿದ್ದೇನೆ. ಅಡಿಯಲ್ಲಿ ಏನಿದೆಯೋ ಗೊತ್ತಿಲ್ಲ.

ನಮ್ಮ ಕೆಂಪುಕಲ್ಲನ್ನು ಹತ್ತಿರದಿಂದ ನೋಡಿದ್ದೀರಾ? ಮೈಯೆಲ್ಲ ತೂತು. ಗುಡ್ಡೆಯ ಮೇಲೆ ಬಿದ್ದ ಮಳೆ ಆ ತೂತುಗಳಲ್ಲಿ ಇಳಿದೇ ಕೆಳಗಿನ ಬಾವಿ ತುಂಬುವುದು. ಗುಲಾಬಕ್ಕನ ಬಾವಿ ಬತ್ತದೇ ಇದ್ದದ್ದು ಇದೇ ಕಲ್ಲಿನ ದಯೆ. ನೀರು ಇಳಿಯುವ ದಾರಿಯಲ್ಲಿ ಕಸ ಇಳಿಸಿದರೆ ಏನಾಗುತ್ತದೆ ಎಂದು ತಿಳಿಯಲು ಪ್ರಯೋಗಾಲಯ ಬೇಕೇ? ಚಾ ಸೋಸುವ ಜರಡಿ ಇದ್ದರೆ ಸಾಕು.

ಕಸ ಹಾಕಿದ್ದು ಯಾರು ಎಂದು ಬೆರಳು ತೋರಿಸುವ ಮೊದಲು ಇನ್ನೊಂದು ಸಂಗತಿಯೂ ದಾಖಲಾಗಬೇಕು. ಈ ಹೊಂಡ ಮುಚ್ಚಿ ಎಂದು ಅರ್ಜಿ ಕೊಟ್ಟವರು ಊರಿನವರೇ. ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ ಕ್ವಾರಿ ಕೆರೆಯಂತೆ ತುಂಬಿತ್ತು. ಮೇಯಲು ಹೋದ ಕರು ಬಿದ್ದು ಸತ್ತಿತು. ಇವತ್ತು ಕರು, ನಾಳೆ ಶಾಲೆಗೆ ಹೋಗುವ ಮಕ್ಕಳು ಎಂಬ ಭಯ. ಪಂಚಾಯತ್‌ಗೆ ಅರ್ಜಿ ಹೋಯಿತು. ಮೊದಲ ಸಹಿ ಗುಲಾಬಕ್ಕನದು.

“ಅರ್ಜಿಯಲ್ಲ್ ‘ಹೊಂಡ ಮುಚ್ಚಿ’ ಅಂದೇಳಿ ಇತ್ತ್. ಎಂತ ಹಾಕಿ ಮುಚ್ಚುದ್ ಅಂದೇಳಿ ಇಲ್ಲ. ಬರ್ದದ್ದ್ ನಾನೇ,” ಎಂದರು. “ಸುರುವಿಗೆ ನಾಲ್ಕ್ ಲೋಡ್ ಮಣ್ಣ್ ಬಂತ್. ಕಡಿಕೆ ಪಂಚಾಯತಿನರ್ ಒಣ ಕಸ ಅಷ್ಟೇ ಹಾಕುದ್ ಅಂದ್ರ್. ಈಗ ಕಾಣಿ.”

ಹೊಂಡ ಮುಚ್ಚುವ ಸುದ್ದಿಯನ್ನು ಆಗ ಪತ್ರಿಕೆಗೆ ಬರೆದದ್ದು ನಾನು. ಎರಡು ಕಾಲಂ. ‘ಅಪಾಯಕಾರಿ ಹೊಂಡಕ್ಕೆ ಕೊನೆಗೂ ಮುಕ್ತಿ’ ಎಂದು ಶೀರ್ಷಿಕೆ. ಯಾವುದರಿಂದ ಮುಚ್ಚುತ್ತೀರಿ ಎಂಬ ಒಂದು ಪ್ರಶ್ನೆಯನ್ನು ನಾನೂ ಕೇಳಿರಲಿಲ್ಲ. ವ್ಯಕ್ತಿಯ ಹೆಸರು ತಪ್ಪಾದರೆ ನಾವು ಮರುದಿನ ತಿದ್ದುಪಡಿ ಹಾಕುತ್ತೇವೆ. ಇದಕ್ಕೆ ಎಲ್ಲಿ ಹಾಕುವುದು?

ಸೋಮವಾರ ಅಲ್ಲಿನ ಪಂಚಾಯತ್ ಅಧಿಕಾರಿಗೆ ಫೋನ್ ಮಾಡಿದೆ. ಅವರ ಮಾತನ್ನೂ ಬರೆಯಬೇಕಲ್ಲ.

“ಸಾರ್, ಅದು ಲ್ಯಾಂಡ್‌ಫಿಲ್ ಅಲ್ಲ. ತಾತ್ಕಾಲಿಕ ಸಂಗ್ರಹ.”

“ಎಷ್ಟು ವರ್ಷದಿಂದ ತಾತ್ಕಾಲಿಕ?”

“ಫೈಲ್ ನೋಡಿ ಹೇಳಬೇಕು.”

“ಅಡಿಯಲ್ಲಿ ನೀರು ಇಂಗದಂತೆ ಶೀಟ್ ಹಾಸಿದ್ದೀರಾ?”

“ಲ್ಯಾಂಡ್‌ಫಿಲ್ ಆದರೆ ಹಾಸಬೇಕಿತ್ತು. ಇದು ತಾತ್ಕಾಲಿಕ ಅಲ್ವಾ ಸಾರ್?”

ತಾತ್ಕಾಲಿಕ ಎಂದು ಕರೆದರೆ ಕೊಳಚೆ ನೀರು ಕೆಳಗೆ ಇಳಿಯುವುದಿಲ್ಲ ಎಂದು ಇವರಿಗೆ ಯಾರು ಹೇಳಿದರು?

ಅವರ ಬಳಿ ಪರಿಹಾರವೂ ಸಿದ್ಧವಿದೆ. ಗುಲಾಬಕ್ಕನ ಮನೆಗೂ ಆ ಏಳು ಮನೆಗೂ ನಲ್ಲಿ ಬರುತ್ತದೆ. ಬಾವಿಗೆ ಕಾಂಕ್ರೀಟ್ ಚಪ್ಪಡಿ ಹಾಕಿಸಿಕೊಂಡರೆ ಸುರಕ್ಷಿತ. ಎಂಥ ನ್ಯಾಯ ನೋಡಿ! ಕಸದ ಹೊಂಡ ತೆರೆದೇ ಇರುತ್ತದೆ. ಮುಚ್ಚಬೇಕಾದದ್ದು ಬಾವಿ. ನಲ್ಲಿಯ ನೀರಾದರೂ ಎಲ್ಲಿಂದ ಬರುತ್ತದೆ? ಅದೇ ಗುಡ್ಡೆಯ ಇನ್ನೊಂದು ಮಗ್ಗುಲಿನ ಬೋರ್‌ವೆಲ್‌ನಿಂದ. ಅಲ್ಲಿಗೂ ವಾಸನೆ ಮುಟ್ಟಿದ ದಿನ ಯಾವುದರ ಮೇಲೆ ಚಪ್ಪಡಿ ಎಳೆಯುತ್ತಾರೆ?

ಗಂಗೊಳ್ಳಿಯಂಥ ಕಡಲಬದಿಯಲ್ಲಿ ಬೇಸಿಗೆ ಬಂತೆಂದರೆ ಎಷ್ಟೋ ಬಾವಿಗಳಿಗೆ ಉಪ್ಪುನೀರು ನುಗ್ಗುತ್ತದೆ. ಅದು ಸಮುದ್ರದ ಕೆಲಸ ಎಂದು ಸಹಿಸಿಕೊಂಡಿದ್ದೇವೆ. ಸಮುದ್ರ ಮುಟ್ಟದ ಒಳನಾಡಿನ ಬಾವಿಗಳನ್ನು ನಾವೇ ಕೈಯಾರೆ ಕೆಡಿಸುತ್ತಿದ್ದೇವೆ. ಇದನ್ನು ಯಾರ ಲೆಕ್ಕಕ್ಕೆ ಬರೆಯೋಣ?

ಊರಿನ ಹೆಸರು ಬೇಕೆಂದೇ ಬರೆದಿಲ್ಲ. ಬರೆದರೆ ಬ್ರಹ್ಮಾವರದವರು ‘ಸದ್ಯ ನಮ್ಮದಲ್ಲ’ ಎಂದು ಪುಟ ಮಗುಚುತ್ತಾರೆ. ಬೈಂದೂರಿನವರೂ ಅಷ್ಟೆ. ಒಮ್ಮೆ ನಿಮ್ಮ ಬಾವಿಯ ಮೇಲ್ಗಡೆ ನಡೆದು ನೋಡಿ. ಕಲ್ಲು ಕೊಯ್ದು ಬಿಟ್ಟ ಹೊಂಡ ಇದ್ದರೆ, ಅದಕ್ಕೆ ಟ್ರ್ಯಾಕ್ಟರ್‌ನ ಗಾಲಿಯ ಗುರುತು ಹೋಗಿದ್ದರೆ, ಆ ಊರಿನ ಹೆಸರನ್ನೇ ಇಲ್ಲಿ ಸೇರಿಸಿ ಓದಿಕೊಳ್ಳಿ.

ಆ ದಿನ ಹೊರಡುವಾಗ ಖಾಲಿ ಬಾಟಲಿಯನ್ನು ಜಗಲಿಯ ಮೇಲೆ ಇಟ್ಟಿದ್ದೆ. “ಹ್ವಾಯ್!” ಎಂದು ಹಿಂದಿನಿಂದ ಕೂಗು. ಗುಲಾಬಕ್ಕ ಬಾಟಲಿ ಹಿಡಿದು ಗೇಟಿನವರೆಗೆ ಬಂದರು.

“ಇದನ್ನ ತಕಂಡ್ ಹೋಯ್ನಿ. ಇಲ್ಲ್ ಬಿಟ್ರೆ ಅಲ್ಲಿಗೇ ಹೋಪುದ್.” ಗುಡ್ಡೆಯ ಕಡೆ ಕೈ ತೋರಿಸಿದರು. “ಮತ್ತೆ, ನಿಮ್ಮ್ ತಮ್ಮನ ಮಗನ ಮದಿಗೆ ಬತ್ತೆ. ಊಟದ್ ಎಲಿ ಎಲ್ಲಿಗ್ ಹೋತ್ತ್ ಅಂದ್ ಅಡುಗಿಯರ್ ಹತ್ರ ಕೇಂಡಿರ್ಯಾ?”

ಕೇಳಿರಲಿಲ್ಲ. ಮನೆಗೆ ಬಂದು ಅಡುಗೆಯವರಿಗೆ ಫೋನ್ ಮಾಡಿದೆ. “ಅದ್ರ್ ತಲಿಬಿಸಿ ನಿಮ್ಗ್ ಬೇಡ ಸಾರ್. ನಮ್ಗೆ ಒಂದ್ ಹೊಂಡ ಗೊತ್ತಿತ್ತ್,” ಎಂದರು. ಎಷ್ಟು ಧೈರ್ಯ ಕೊಡುವ ಮಾತು! ಎಲೆಯನ್ನು ಗೊಬ್ಬರದ ಗುಂಡಿಗೆ ಹಾಕಿಸುವ ವ್ಯವಸ್ಥೆ ಈಗ ನಾನೇ ಮಾಡಿದ್ದೇನೆ.

ಬುಧವಾರ ಗುಲಾಬಕ್ಕ ಎರಡನೇ ಅರ್ಜಿ ಕೊಟ್ಟರು. ಪ್ರತಿ ನನಗೂ ಬಂದಿದೆ. ಅಂಗನವಾಡಿಯ ದುಂಡು ಅಕ್ಷರ. ಈ ಸಲ ಏನನ್ನೂ ಬರೆಯದೆ ಬಿಟ್ಟಿಲ್ಲ. ‘ಮಳೆ ಹಿಡಿಯುವ ಮೊದಲು ಹೊಂಡದ ಕಸ ಪೂರ್ತಿ ತೆಗೆಯಬೇಕು. ಮೇಲೆ ಮಣ್ಣು ಹರಡಿ ಮುಚ್ಚಿದರೆ ಆಗದು. ತೆಗೆದ ಕಸವನ್ನು ಬೇರೆ ಯಾರ ಬಾವಿಯ ಮೇಲ್ಗಡೆಯೂ ಹಾಕಬಾರದು.’ ಏಳು ಮನೆಯವರ ಸಹಿ ಇದೆ.

ಕೊನೆಯ ಸಾಲು ಓದಿ ಅಧಿಕಾರಿ ತಲೆಯೆತ್ತಿ ಕೇಳಿದರಂತೆ, “ಹಾಗಾದ್ರೆ ಮತ್ತೆ ಎಲ್ಲಿ ಹಾಕೋದಮ್ಮಾ?”

ಒಳ್ಳೆಯ ಪ್ರಶ್ನೆ. ಮೊದಲ ಲೋಡ್ ಕಸ ಇಳಿಸುವ ಮೊದಲು ಅದನ್ನು ಯಾಕೆ ಕೇಳಲಿಲ್ಲ?