ಒಂದೇ ಫೋಲ್ಡರಿನ ಎರಡು ಸರ್ವರ್‌ಗಳು

ಇಂದಿರಾನಗರದ ನಮ್ಮ ಆಫೀಸಿನಲ್ಲಿ ಎರಡು ಕ್ಯಾಶ್ ಸರ್ವರ್‌ಗಳಿದ್ದವು. ಜನ ಮತ್ತೆ ಮತ್ತೆ ನೋಡುವ ಚಿತ್ರಗಳ ಪ್ರತಿಗಳನ್ನು ಅವೆರಡೂ ಒಂದೇ ಡಿಸ್ಕಿನ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತಿದ್ದವು. ಒಂದನ್ನು ನಾನು ನೋಡಿಕೊಳ್ಳುತ್ತಿದ್ದೆ, ಇನ್ನೊಂದನ್ನು ಹೊರಮಾವಿನಿಂದ ಬರುತ್ತಿದ್ದ ಸಹೋದ್ಯೋಗಿ. ಒಂದು ಸೋಮವಾರದಿಂದ ಅವಳ ಸರ್ವರಿನಲ್ಲಿ ಹೊಸ ಚಿತ್ರಗಳು ಸೇವ್ ಆಗುತ್ತಿರಲಿಲ್ಲ. ಎಲ್ಲರೂ ಅವಳನ್ನೇ ಕೇಳಿದರು, ನಾನೂ ಕೇಳಿದೆ. "ನಾನೇನೂ ಚೇಂಜ್ ಮಾಡಿಲ್ಲ ಕಣೋ," ಎಂದು ಹೇಳಿ ಹೇಳಿ ಅವಳು ಸೋತುಹೋಗಿದ್ದಳು.

ಗುರುವಾರ ಬೆಳಿಗ್ಗೆ ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತೇ ಇದ್ದಾಗ ನನಗೆ ಹೊಳೆಯಿತು. ಹಿಂದಿನ ವಾರದ ಕೊನೆಗೆ ನಾನೊಂದು ಸ್ಕ್ರಿಪ್ಟ್, ಅಂದರೆ ತಾನಾಗಿ ಓಡುವ ಚಿಕ್ಕ ಪ್ರೋಗ್ರಾಮ್, ಬರೆದು ಬಿಟ್ಟಿದ್ದೆ. ಅದು ನನ್ನ ಸರ್ವರ್ ಬರೆಯುತ್ತಿದ್ದವನ್ನು ಬಿಟ್ಟು ಆ ಫೋಲ್ಡರಿನ ತಾತ್ಕಾಲಿಕ ಫೈಲುಗಳನ್ನೆಲ್ಲ ಕಸವೆಂದು ಅಳಿಸುತ್ತಿತ್ತು. ಅವಳ ಸರ್ವರ್ ಇನ್ನೂ ಬರೆಯುತ್ತಿದ್ದ ಫೈಲುಗಳೂ ಅದರಲ್ಲಿ ಹೋಗುತ್ತಿದ್ದವು.

ಆಫೀಸು ತಲುಪಿದವನೇ ಅವಳಿಗೆ ತಪ್ಪು ನನ್ನದೆಂದು ಹೇಳಿದೆ. ಅವಳು ಬೈಯಲಿಲ್ಲ. "ಮೂರು ದಿನದಿಂದ ಸರಿಯಾಗಿ ಊಟಾನೂ ಮಾಡಿಲ್ಲ ನಾನು. ಇದನ್ನ ಎಲ್ಲರ ಮುಂದೆ ಹೇಳ್ಬಿಡು," ಎಂದಳು. ಹೇಳಿದೆ.

ಆಮೇಲೆ ಪ್ರತಿ ತಾತ್ಕಾಲಿಕ ಫೈಲಿಗೂ ಅದನ್ನು ಬರೆದ ಸರ್ವರಿನ ಹೆಸರು ಸೇರಿಸಿ, ನನ್ನ ಸ್ಕ್ರಿಪ್ಟ್ ನನ್ನ ಸರ್ವರಿನವನ್ನಷ್ಟೇ ಅಳಿಸುವಂತೆ ಮಾಡಿದೆವು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಅವಳು ಮಧ್ಯಾಹ್ನಕ್ಕೇ ರಜೆ ಹಾಕಿ ಮನೆಗೆ ಹೋದಳು. ಸಂಜೆಯವರೆಗೆ ಅವಳ ಸರ್ವರನ್ನೂ ನಾನೇ ನೋಡಿಕೊಂಡೆ.